ವಾಲ್ಟರ್‌ಗೊಂದು ಕೆಂಪು ದೀಪ

ಕೋವಿಡ್ ಮುಗಿದು ಸಿಂಗಪುರದ ರಂಗಮಂದಿರಗಳು ಮತ್ತೆ ಬಾಗಿಲು ತೆರೆದ ವರ್ಷ ಅದು. ಆಂಗ್ ಮೋ ಕಿಯೋದ ಕೈಗಾರಿಕಾ ಕಟ್ಟಡವೊಂದರಲ್ಲಿ ತಾಲೀಮು ಮಾಡಿ, ಒಂದು ಇಂಗ್ಲಿಷ್ ನಾಟಕವನ್ನು ರಂಗಕ್ಕೆ ತಂದಿದ್ದೆವು. ನಾನು ಸ್ಟೇಜ್ ಮ್ಯಾನೇಜರ್. ಹಾಗೆಂದರೇನು ಎಂದು ನನ್ನ ಅತ್ತೆ ಇಂದಿಗೂ ಕೇಳುತ್ತಾರೆ. ಪ್ರೇಕ್ಷಕರಿಗೆ ಕಾಣದ ಮೂಲೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತು, ಯಾವ ದೀಪ ಯಾವಾಗ ಉರಿಯಬೇಕು, ಯಾವ ಸದ್ದು ಯಾವಾಗ ಬರಬೇಕು ಎಂದು ‘ಗೋ’ ಹೇಳುವವಳು. ನಾನು ಹೇಳದೆ ಅಲ್ಲಿ ಒಂದು ಪರದೆಯೂ ಅಲುಗಾಡುವಂತಿಲ್ಲ. ಮನೆಯಲ್ಲಿ ನನಗೆ ಈ ಭಾಗ್ಯವಿಲ್ಲ.

ಆ ನಾಟಕಕ್ಕೆ ಅಮೆರಿಕದಿಂದ ವಾಲ್ಟರ್ ಎಂಬ ನಟರು ಬಂದಿದ್ದರು. ಅರವತ್ತು ದಾಟಿದವರು. ನಾಟಕ, ಸಿನಿಮಾ, ಟೀವಿ ಯಾವುದನ್ನೂ ಬಿಟ್ಟವರಲ್ಲ, ಯಾವುದರಲ್ಲೂ ನಾಯಕನಾದವರೂ ಅಲ್ಲ. ನ್ಯಾಯಾಧೀಶ, ಡಾಕ್ಟರ್, ಬಂದ ಸ್ವಲ್ಪ ಹೊತ್ತಿಗೇ ಗುಂಡೇಟು ತಿನ್ನುವ ಪೊಲೀಸ್, ಇಂಥವೇ ಪಾತ್ರಗಳು. ಹಾಕರ್ ಸೆಂಟರ್ ಎಂಬ ಇಲ್ಲಿನ ಸಾಲು ಊಟದಂಗಡಿಗಳಲ್ಲಿ ಕೂತರೆ ಯಾರಾದರೂ ಬಂದು ‘ನಿಮ್ಮನ್ನು ಎಲ್ಲೋ ನೋಡಿದ್ದೇನೆ’ ಎನ್ನುವರು, ಎಲ್ಲಿ ಎಂದು ನೆನಪಾಗದೆ ತಲೆ ಕೆರೆದುಕೊಂಡು ಹೋಗುವರು. “ಟೀವಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಸತ್ತಿದ್ದೇನೆ, ಪೋಸ್ಟರ್ ಮೇಲೆ ಒಮ್ಮೆಯೂ ಬದುಕಿಲ್ಲ” ಎಂದು ಅವರೇ ನಗುತ್ತಿದ್ದರು.

ರಂಗಭೂಮಿಯವರಲ್ಲಿ ಒಂದು ಪದ್ಧತಿ ಇದೆ. ಪ್ರದರ್ಶನಕ್ಕೆ ಮುಂಚೆ ನಾನು ಡ್ರೆಸ್ಸಿಂಗ್ ರೂಮಿಗೆ ಹೋಗಿ ‘ಫೈವ್ ಮಿನಿಟ್ಸ್’ ಎಂದರೆ, ನಟರು ‘ಥ್ಯಾಂಕ್ಯೂ ಫೈವ್’ ಎಂದು ತಿರುಗಿ ಹೇಳಬೇಕು. ಅದು ಮರ್ಯಾದೆಗಲ್ಲ, ಕೇಳಿಸಿತು ಎನ್ನುವುದಕ್ಕೆ. ವಾಲ್ಟರ್ ಇದರಲ್ಲಿ ತಪ್ಪಿದವರೇ ಅಲ್ಲ. ಆದರೆ ಒಂದು ಸಂಜೆ ಅವರು ಬಾಗಿಲಿಗೆ ಬೆನ್ನು ಮಾಡಿ ಷೂ ಲೇಸ್ ಕಟ್ಟುತ್ತಿದ್ದಾಗ ‘ಫಿಫ್ಟೀನ್’ ಎಂದೆ. ಉತ್ತರವಿಲ್ಲ. ‘ಟೆನ್’ ಎಂದು ಎದುರು ನಿಂತು ಹೇಳಿದೆ, ತಕ್ಷಣ ಬಂತು. ‘ಫೈವ್’ ಅನ್ನು ಬೇಕೆಂದೇ ಹಿಂದಿನಿಂದ ಹೇಳಿದೆ. ಊಹೂಂ! ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಏಕೆಂದರೆ ಎರಡನೇ ಅಂಕದಲ್ಲಿ ಹಡಗಿನ ಹಾರ್ನ್ ಮೊಳಗಿದಾಗ ವಾಲ್ಟರ್ ಪಕ್ಕಕ್ಕೆ ಸರಿಯಬೇಕು. ಅವರು ನಿಂತಿದ್ದ ಜಾಗಕ್ಕೇ ಮೇಲಿನಿಂದ ಭಾರವಾದ ಮರದ ಗೋಡೆ ಇಳಿಯುತ್ತದೆ. ವೇದಿಕೆಯ ಮೇಲೆ ಮಂದ ಬೆಳಕಷ್ಟೇ, ಗೋಡೆ ಇಳಿಸುವವರಿಗೆ ಅವರು ಕಾಣುವುದಿಲ್ಲ. ಆದರೂ ಅಂದು ಕೂಡ ಸರಿಯಾದ ಹೊತ್ತಿಗೇ ಸರಿದರು. ಹೇಗೆ? ಮರುದಿನ ಬೆಳಗ್ಗೆ ಪ್ರದರ್ಶನದ ವಿಡಿಯೋ ಹಾಕಿಕೊಂಡು ಕೂತೆ. ಎದುರಿಗೆ ನಿಂತ ನಟಿ ಅನಘಾ ಹಾರ್ನ್ ಕೇಳಿ ಒಂದು ಹೆಜ್ಜೆ ಹಿಂದಿಡುತ್ತಾಳೆ. ವಾಲ್ಟರ್ ಕಣ್ಣು ಅವಳ ಕಾಲಿನ ಮೇಲೇ ಇದೆ. ಅವಳು ಕದಲಿದ ಮೇಲೆ ಇವರು ಕದಲುತ್ತಾರೆ. ಎಲಾ ಮನುಷ್ಯಾ!

ಅನಘಾ ಇಲ್ಲೇ ಸಿಂಗಪುರದ ಟ್ಯಾಂಪಿನೀಸ್‌ನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಅಂದು ಮಧ್ಯಾಹ್ನ ಕುಂಟುತ್ತ ಬಂದಳು.

“ಸೈಕಲ್‌ನಿಂದ ಬಿದ್ದೆ ಆಂಟಿ, ಕಾಲು ಟ್ವಿಸ್ಟ್ ಆಗಿದೆ. ಡೈರೆಕ್ಟರ್ ಹೇಳಿದ್ರು, ಇವತ್ತು ಆ ಹಾರ್ನ್ ಸೀನಲ್ಲಿ ವಾಲ್ಟರ್ ಹಿಂದೆ ಒಂದು ಚೇರ್ ಹಾಕ್ಕೊಂಡು ಕೂತ್ಕೋ ಅಂತ.”

“ಆ ಸೀನಲ್ಲಿ ವಾಲ್ಟರ್ ನಿನ್ನನ್ನೇ ನೋಡ್ತಿರ್ತಾರಲ್ಲ, ಗಮನಿಸಿದ್ದೀಯಾ?”

“ಯೆಸ್ ಲಾ! ಅಷ್ಟು ಚೆನ್ನಾಗಿ ಲಿಸನ್ ಮಾಡೋ ಆ್ಯಕ್ಟರ್‌ನ ನಾನು ನೋಡೇ ಇಲ್ಲ.”

ಇವಳು ಹಿಂದೆ ಕೂತರೆ ಅವರು ಯಾರ ಕಾಲು ನೋಡಬೇಕು? ನೇರವಾಗಿ ವಾಲ್ಟರ್ ಕೋಣೆಗೆ ಹೋಗಿ, ಎದುರು ನಿಂತು, ಹಾರ್ನ್ ಕೇಳಿಸುತ್ತದೆಯೇ ಎಂದು ಕೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ಎಡಗಿವಿ ಹೋಗಿ ಬಹಳ ಕಾಲವಾಗಿತ್ತಂತೆ, ಬಲದ್ದೂ ಹೊರಟಿತ್ತಂತೆ. ಕಿವಿಗೆ ಯಂತ್ರ ಹಾಕಿಕೊಂಡರೆ ರಂಗದ ಸ್ಪೀಕರ್‌ಗಳ ಸದ್ದಿಗೆ ಎಲ್ಲ ಕಲಸಿಹೋಗುತ್ತದಂತೆ.

“ನನ್ನಂಥವರನ್ನು ಕರೆಯುವುದು ಹೆಸರಿಗಲ್ಲ, ತಂಟೆಯಿಲ್ಲದ ಮನುಷ್ಯ ಅಂತ. ಇದು ಹೊರಗೆ ಬಿದ್ದರೆ ನನ್ನ ಫೋನ್ ಮತ್ತೆ ರಿಂಗಾಗುವುದಿಲ್ಲ” ಎಂದರು.

ನನಗೆ ಸಿಟ್ಟು ಬಂತು. “ಗೋಡೆಗೆ ಅದೆಲ್ಲ ಗೊತ್ತಾಗುವುದಿಲ್ಲ, ವಾಲ್ಟರ್. ಅದನ್ನು ಇಳಿಸಿ ಎನ್ನುವವಳು ನಾನು. ತಂಡಕ್ಕೆ ತಿಳಿಯದೆ ನಾನು ‘ಗೋ’ ಹೇಳುವುದಿಲ್ಲ” ಎಂದೆ. ಆಮೇಲೆ ಸ್ವಲ್ಪ ಮೆತ್ತಗೆ, ನಮ್ಮಲ್ಲಿ ಕ್ಯೂ ಲೈಟ್ ಇದೆಯಲ್ಲ ಎಂದು ನೆನಪಿಸಿದೆ. ಅದು ನಟನಿಗೆ ಮಾತ್ರ ಕಾಣುವ ಪುಟ್ಟ ಕೆಂಪು ದೀಪ. ಹೊತ್ತಿದರೆ ಸಿದ್ಧನಾಗು, ಆರಿದರೆ ಹೊರಡು ಎಂದರ್ಥ. ಅವರು ಎದ್ದು ಬಾಗಿಲು ತೆರೆದರು. “ಹಾಗಾದರೆ ನಾನೇ ಹೇಳುತ್ತೇನೆ” ಎಂದರು.

ಎಲ್ಲರನ್ನೂ ಕರೆಸಿ ಹೇಳಿದರು. ಅನಘಾಗೆ ತಡೆಯಲಾಗಲಿಲ್ಲ. “ಅಯ್ಯೋ ಆಂಟಿ, ಹಾಗಾದ್ರೆ ಅವರು ನನ್ನ ಆ್ಯಕ್ಟಿಂಗ್ ನೋಡ್ತಿರ್ಲಿಲ್ವಾ? ಬರೀ ಕಾಲಾ?” ಕನ್ನಡ ಬಾರದ ವಾಲ್ಟರ್‌ಗೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕಣ್ಣೀರು ಬರುವಷ್ಟು ನಕ್ಕರು. ನಿರ್ದೇಶಕರು ಕುರ್ಚಿ ಸರಿಸುತ್ತ, ದೀಪದ ಜೊತೆ ಆ ದೃಶ್ಯವನ್ನು ಮತ್ತೆ ಮತ್ತೆ ಮಾಡಿಸಿದರು. ಅಂದು ಪ್ರದರ್ಶನದಲ್ಲಿ ದೀಪ ಹೊತ್ತಿಸಿದೆ, ಆರಿಸಿದೆ. ವೇದಿಕೆಯ ಪಕ್ಕದಲ್ಲಿ ನಿಲ್ಲಿಸಿದ್ದ ನನ್ನ ಸಹಾಯಕಿ ಅವರು ಸರಿದರೆಂದು ಹೆಡ್‌ಸೆಟ್‌ನಲ್ಲಿ ಹೇಳಿದ ಮೇಲೆಯೇ ಗೋಡೆ ಇಳಿಸಿದೆ.

ನಾಟಕ ಮುಗಿಸಿ ಅವರು ಊರಿಗೆ ಹೋದ ಕೆಲವು ತಿಂಗಳ ಮೇಲೆ ಅವರ ಬಗ್ಗೆ ವಿಚಾರಿಸಲು ಅಮೆರಿಕದ ಒಬ್ಬಾಕೆ, ಅಲ್ಲಿನ ಸ್ಟೇಜ್ ಮ್ಯಾನೇಜರ್, ನನಗೆ ಫೋನ್ ಮಾಡುತ್ತಾರೆಂದು ಗೊತ್ತಾಯಿತು. ಹೊಸ ನಾಟಕಕ್ಕೆ ವಾಲ್ಟರ್ ಹೆಸರು ಬಂದಿತ್ತು. ನಾನು ಮೊದಲು ವಾಲ್ಟರ್ ಅವರನ್ನೇ ಕೇಳಿದೆ, ಏನು ಹೇಳಲಿ ಎಂದು. ಇದ್ದದ್ದು ಇದ್ದ ಹಾಗೆ ಹೇಳಿ ಎಂದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಕೇಳಿ ಬೆಳೆದವಳು ನಾನು, ಆದರೂ ಒಪ್ಪಿದೆ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಮನುಷ್ಯರು ಬಚ್ಚಿಡುವುದು ತಮ್ಮ ಕೊರತೆಯನ್ನಲ್ಲ, ಕೆಲಸ ಹೋದೀತೆಂಬ ಹೆದರಿಕೆಯನ್ನು. ಈಗ ಹೊಸಬರು ಬಂದ ಮೊದಲ ದಿನವೇ ನಿಮಗೆ ಏನು ಬೇಕು ಎಂದು ಕೇಳಿಬಿಡುತ್ತೇನೆ.

ಅಮೆರಿಕದ ಆ ಹೆಂಗಸು ಫೋನಿನಲ್ಲಿ ಕೇಳಿದ್ದು ಇಷ್ಟೇ. ಇವರಿಂದ ತೊಂದರೆ ಏನಾದರೂ ಇದೆಯೇ?

“ಕಿವಿ ಕೇಳಿಸುವುದಿಲ್ಲ. ಒಂದು ಕೆಂಪು ದೀಪ ಬೇಕಾಗುತ್ತದೆ” ಎಂದೆ.

“ಅಷ್ಟೇನಾ? ದೀಪ ನಮ್ಮಲ್ಲಿ ರಾಶಿ ಬಿದ್ದಿವೆ. ನಟರಿಗೇ ಬರ” ಎಂದರು.