ಬಯಕೆ ತೀರಿಸಿದ ಬಿಸಿ ಮಂಡಕ್ಕಿ

ಎಪ್ಪತ್ತಾರನೇ ಇಸವಿ. ನಾನು ಐದು ತಿಂಗಳ ಬಸುರಿ. ಹಿಂದಿನ ವರ್ಷ ಇದೇ ಐದನೇ ತಿಂಗಳಲ್ಲಿ ಒಂದು ಹೋಗಿತ್ತು. ಈ ಸಲವೂ ಹೊಟ್ಟೆಯಲ್ಲಿ ತುತ್ತು ನಿಲ್ಲುತ್ತಿರಲಿಲ್ಲ. “ಹಿಂಗಾದ್ರೆ ಇದೂ ಉಳಿಯಲ್ಲ” ಎಂದು ಸೂಲಗಿತ್ತಿ ನನ್ನೆದುರಿಗೇ ಹೇಳಿದ್ದಳು.

ನಮ್ಮಲ್ಲಿ ಬಸುರಿಯನ್ನು ಹೊಳೆ ದಂಡೆಗೆ ಕರೆದೊಯ್ದು ಬಯಕೆ ಬುತ್ತಿ ಉಣ್ಣಿಸುತ್ತಾರೆ. ಅತ್ತೆ ನಸುಕಿನಲ್ಲೇ ಎದ್ದು ಹೋಳಿಗೆ, ಸಜ್ಜೆ ರೊಟ್ಟಿ, ಚಿತ್ರಾನ್ನ, ಮೊಸರನ್ನ ಎಲ್ಲ ಕಟ್ಟಿಕೊಂಡು, ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತೆ. ಒಂದೊಂದನ್ನೂ ಬಾಯಿಗಿಟ್ಟೆ, ಒಂದೊಂದೂ ಹೊರಗೆ ಬಂತು.

“ನಿನ್ನ ನಾಲಿಗಿಗೆ ಏನು ಬೇಕಾಗೈತೆ, ಬಾಯಿಬಿಟ್ಟು ಹೇಳೇ” ಎಂದರು ಅತ್ತೆ.

ಏನಂತ ಹೇಳಲಿ? ನನಗೆ ಬೇಕಾಗಿದ್ದದ್ದು ಮಣ್ಣು. ಒಲೆಯ ಸುಟ್ಟ ಮಣ್ಣನ್ನು ಕೆರೆದು ಕದ್ದು ತಿನ್ನುತ್ತಿದ್ದೆ. ಆಗಲೂ ಸೆರಗಿನ ಗಂಟಿನಲ್ಲಿ ಒಂದು ಚೂರು ಇತ್ತು. ಬಸ್ಸಿನಲ್ಲಿ ಅತ್ತೆ ತೂಕಡಿಸುವಾಗ ಅದನ್ನೂ ಬಾಯಿಗೆ ಹಾಕಿಕೊಂಡೆ.

ದಾವಣಗೆರೆಯಲ್ಲಿ ಇಳಿದು ಮಂಡಕ್ಕಿ ಭಟ್ಟಿಗಳ ಓಣಿ ಹಿಡಿದು ಮನೆಗೆ ನಡೆದೆವು. ಒಂದು ಭಟ್ಟಿಯ ಮುಂದೆ ನನ್ನ ಕಾಲುಗಳು ನಿಂತುಬಿಟ್ಟವು. ಕಾದ ಮರಳಿನ ವಾಸನೆ! ಒಳಗೆ ಹೊಗೆಯ ನಡುವೆ ಖೈರುನ್‌ಬೀ ಎಂಬಾಕೆ ಬಾಣಲೆಯ ಮರಳಿಗೆ ಒಂದು ಬೊಗಸೆ ಅಕ್ಕಿ ಸುರಿದು ತಿರುವಿದಳು. ಉಸಿರು ಬಿಡುವುದರೊಳಗೆ ಬಾಣಲೆ ತುಂಬ ಬೆಳ್ಳಗೆ ಉಕ್ಕಿ ಬಂತು. ಹುಟ್ಟಿದಾಗಿನಿಂದ ಮಂಡಕ್ಕಿ ತಿಂದವಳು, ಅದು ಹುಟ್ಟುವುದನ್ನು ಅವತ್ತೇ ನೋಡಿದ್ದು. ಬಾಯಿ ತೆರೆದು ನಿಂತೆ.

ಖೈರುನ್‌ಬೀ ತಿರುಗಿ ನೋಡಿದಳು. “ಹಲ್ಲಾಗ ಮಣ್ಣೈತಲ್ಲ ತಂಗಿ, ಬಸುರಿ ಏನು?”

ಅತ್ತೆ ಕೆಂಡವಾದರು. “ಮಣ್ಣು ತಿಂತೀಯಾ? ಅತ್ತಿ ಉಣ್ಣಾಕ ಹಾಕಲ್ಲ ಅಂತ ಊರಿಗೆಲ್ಲ ಸಾರಬೇಕಂತ ಮಾಡೀಯೇನು?”

“ಬೈಬ್ಯಾಡ್ರಿ ಅಮ್ಮಾರೆ. ನಾಕು ಬಸುರಿನಾಗೂ ನಾನು ತಿಂದಾಕೀನೇ” ಎಂದು ಖೈರುನ್‌ಬೀ ನಕ್ಕಳು. ಆಗಷ್ಟೇ ಜರಡಿ ಹಿಡಿದ ಮಂಡಕ್ಕಿಯನ್ನು ನನ್ನ ಸೆರಗಿಗೆ ಸುರಿದಳು. “ಇದ್ರಾಗ ಮಣ್ಣಿನ ವಾಸನಿ ಐತೆ, ಮಣ್ಣಿಲ್ಲ. ಬಿಸಿ ಇದ್ದಾಗ್ಲೇ ತಿನ್ನು.”

ಸುಟ್ಟ ನೆಲದ ವಾಸನೆ, ಒಂಚೂರು ಉಪ್ಪು. ಅಂಗೈ ಚುರುಗುಟ್ಟಿದರೂ ಬಿಡಲಿಲ್ಲ. ಒಂದು ಹಿಡಿ, ಎರಡು ಹಿಡಿ, ಸೆರಗೇ ಖಾಲಿ. ಅತ್ತೆ ನೀರಿನ ತಂಬಿಗೆ ಹಿಡಿದು ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು, ಈಗ ವಾಂತಿ ಆಗುತ್ತದೆ, ಆಗ ಆಗುತ್ತದೆ ಎಂದು. ಆಗಲಿಲ್ಲ.

ಅತ್ತೆ ಅಲ್ಲೇ ಕೂತು ಬುತ್ತಿಯ ಗಂಟು ಬಿಚ್ಚಿದರು. ಉಳಿದ ಹೋಳಿಗೆಯನ್ನೆಲ್ಲ ಖೈರುನ್‌ಬೀ ಮಡಿಲಿಗಿಟ್ಟು, “ತಗೋ ತಾಯಿ, ನಸುಕಿನಾಗಿಂದ ಬೇಯಿಸಿದಾಕಿ ನಾನು, ಬಯಕಿ ತೀರ್ಸಿದಾಕಿ ನೀನು” ಎಂದರು. ಅತ್ತೆ ಮತ್ತೊಬ್ಬರಿಗೆ ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನದಿಂದ ಅವರೇ ಭಟ್ಟಿಗೆ ಹೋಗಿ ಬಿಸಿ ಮಂಡಕ್ಕಿ ತರತೊಡಗಿದರು. ಅದರ ಬೆನ್ನಿಗೆ ಅನ್ನ, ರೊಟ್ಟಿ ಎಲ್ಲ ಹೊಟ್ಟೆಯಲ್ಲಿ ನಿಂತವು. ತಿಂಗಳು ತುಂಬಿ ಮಗಳು ಹುಟ್ಟಿದಳು.

ಈಗ ಅವಳೇ ಮೊಮ್ಮಕ್ಕಳನ್ನು ಕಂಡಿದ್ದಾಳೆ. ಆ ಓಣಿಯಲ್ಲಿ ನಾನು ನಿಂತರೆ, “ಹೊಗಿ ಐತೆ, ಬಾರಬೇ” ಎಂದು ಕೈ ಎಳೆಯುತ್ತಾಳೆ.

“ತಡಿಯೇ, ಈ ಹೊಗಿ ಇದ್ದಿದ್ಕೇ ನೀನಿದ್ದೀ” ಎನ್ನುತ್ತೇನೆ.