ನಾವು ಮಾಡಿದ ಸನ್ಮಾನ

ಕುಡಿತ ಬಿಡಿಸುವ ಕೆಲಸ ಮಾಡುತ್ತೇನೆ ಎಂದರೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ನಗುತ್ತಾರೆ, ಆಮೇಲೆ ಮೆಲ್ಲಗೆ ತಮ್ಮ ಮನೆಯ ಕಥೆ ತೆಗೆಯುತ್ತಾರೆ. ಕೂಡ್ಲಿಗಿ ದಾಟುವುದರೊಳಗೆ ಒಬ್ಬಳ ಗಂಡ, ಕೊಟ್ಟೂರು ಬರುವಷ್ಟರಲ್ಲಿ ಇನ್ನೊಬ್ಬಳ ಮೈದುನ. ನಾನು ಕಿಟಕಿಗೆ ತಲೆ ಆನಿಸಿ ಹೂಂಗುಟ್ಟುತ್ತೇನೆ. ಹನ್ನೊಂದು ವರ್ಷದಿಂದ ಹೀಗೆ ಹೂಂಗುಟ್ಟಿಕೊಂಡೇ ಬಂದಿದ್ದೇನೆ. ನಮ್ಮದು ಸಣ್ಣ ಸಂಸ್ಥೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇಷ್ಟಕ್ಕೂ ಸೇರಿ ಮೂರೇ ಜನ. ಆಗಾಗ ಎಂಟು ದಿನದ ಶಿಬಿರ ಮಾಡಿ ಕುಡಿಯುವವರನ್ನು ಒಂದು ಕಡೆ ಕೂಡಿಸುತ್ತೇವೆ. ಡಾಕ್ಟರು ಬಂದು ಕೈನಡುಕಕ್ಕೆ, ನಿದ್ದೆಗೆ ಔಷಧಿ ಕೊಡುತ್ತಾರೆ. ಆ ಎಂಟು ದಿನ ಹೇಗೋ ಕಳೆಯುತ್ತವೆ. ನನ್ನ ಕೆಲಸ ಶುರುವಾಗುವುದು ಒಂಬತ್ತನೆಯ ದಿನದಿಂದ.

ಕೊಟ್ಟೂರಿನಲ್ಲಿ ರೈಲು ಹಳಿಯ ಆಚೆಗಿನ ಒಂದು ಕಾಲೊನಿಯಲ್ಲಿ ಪ್ರತಿ ಗುರುವಾರ ಸಂಜೆ ನಮ್ಮ ಸಭೆ. ಸಮುದಾಯ ಭವನದ ಫ್ಯಾನು ತಿರುಗುವುದಿಲ್ಲವಾದ್ದರಿಂದ ಪಡಸಾಲೆಯಲ್ಲಿ ಚಾಪೆ ಹಾಸುತ್ತೇವೆ. ಹಮಾಲರು, ಗಾರೆ ಕೆಲಸದವರು, ಒಬ್ಬ ಪೇಂಟರು, ಬೈಕ್ ರಿಪೇರಿ ಮಾಡುವ ಒಬ್ಬ ಚಾಚಾ, ಎಲ್ಲ ಸೇರಿ ಹನ್ನೊಂದು ಜನ. ಹೆಂಡತಿಯರು ಬಾಗಿಲ ಕಡೆ ಕೂರುತ್ತಾರೆ. ಒಬ್ಬೊಬ್ಬರಾಗಿ ಎದ್ದು ಕುಡಿತ ಬಿಟ್ಟು ಎಷ್ಟು ದಿನವಾಯಿತೆಂದು ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ನೂರು ದಿನ ತುಂಬಿದವನಿಗೆ ಶಾಲು, ಹಾರ, ಒಂದು ಬುಟ್ಟಿ ಹಣ್ಣು.

ನಮ್ಮ ಸೀಮೆಯಲ್ಲಿ ಯಾರಿಗೆ ಏನೇ ಒಳ್ಳೆಯದಾಗಲಿ ಒಂದು ಶಾಲು ಬೀಳಲೇಬೇಕು. ನಿವೃತ್ತಿಯಾದರೆ ಶಾಲು, ವರ್ಗವಾಗಿ ಬಂದರೆ ಶಾಲು, ವರ್ಗವಾಗಿ ಹೋದರೂ ಶಾಲು. ಕುಡಿತ ಬಿಟ್ಟವನಿಗೂ ಒಂದು ಹೊದಿಸಿದರೆ ಗಂಟೇನು ಹೋಗುತ್ತದೆ ಎಂದು ಈ ಪದ್ಧತಿ ತಂದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ನಾನು ಹೇಳಬೇಕಾಗಿರುವುದು ಒಬ್ಬ ಹಮಾಲನ ವಿಷಯ. ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಹೊರುತ್ತಿದ್ದ. ಹೆಂಡತಿ ಬಸ್ ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯಲ್ಲಿ ಮಿರ್ಚಿ, ಮಂಡಕ್ಕಿ ಮಾರುತ್ತಾಳೆ. ಕುಡಿದ ದಿನಗಳಲ್ಲಿ ಒಮ್ಮೆ ಅವನು ಹೊಡೆದ ಏಟಿಗೆ ಅವಳ ಎಡಗಿವಿ ಹೋಯಿತು. ಗಿರಾಕಿಗಳು ಏನಾದರೂ ಕೇಳಿದರೆ ಅವಳು ಮುಖ ತಿರುಗಿಸಿ ಬಲಗಿವಿ ಕೊಡುತ್ತಾಳೆ. ಆ ಮನುಷ್ಯ ನಮ್ಮ ಶಿಬಿರಕ್ಕೆ ಬಂದ, ಬಿಟ್ಟ, ಒಂದು ವರ್ಷ ತುಂಬಿಸಿದ. ನಮ್ಮಲ್ಲಿ ವರ್ಷ ತುಂಬಿಸುವವರು ಎಷ್ಟು ಕಡಿಮೆ ಎಂದು ನನಗೆ ಗೊತ್ತು. ನಿಜ ಹೇಳುತ್ತೇನೆ, ನನಗೆ ಅವನಿಗಿಂತ ಹೆಚ್ಚು ಹಿಗ್ಗಾಗಿತ್ತು. ಇಷ್ಟು ವರ್ಷದ ಬಸ್ಸು, ಬಿಸಿಲು, ಬೈಗುಳ ಎಲ್ಲಕ್ಕೂ ಸೇರಿ ಇವನೊಬ್ಬ ಸಿಕ್ಕ ಎನ್ನಿಸಿತು. ಕಾಲೊನಿಯ ಬಾಯಿಗೆ ಅವನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿಸೋಣ ಎಂದೆ.

"ಫೋಟೋ ಬ್ಯಾಡ್ರಿ ಅಕ್ಕಾರ" ಎಂದ. "ಶಾಲು ಹಾಕ್ರಿ ಬೇಕಾದ್ರ. ಇಲ್ಲೇ ಒಳಗ ಹಾಕ್ರಿ."

"ನಿನ್ನ ನೋಡಿ ಇನ್ನ ನಾಕು ಮಂದಿ ಬಿಡ್ತಾರಲೋ ತಮ್ಮಾ. ನಾಚಿಗಿ ಯಾಕ?"

"ನಾಚಿಗಿ ಅಲ್ರಿ..." ಎಂದು ಅಲ್ಲಿಗೇ ನಿಲ್ಲಿಸಿದ. ಅದು ಏನು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. 'ವ್ಯಸನ ಗೆದ್ದ ಧೀರ' ಎಂದು ದಪ್ಪಕ್ಷರದಲ್ಲಿ ಬರೆಸಿ, ಬೇವಿನ ಮರಕ್ಕೂ ಲೈಟು ಕಂಬಕ್ಕೂ ಬಿಗಿದೆವು.

ಅಲ್ಲಿಂದ ಅವನನ್ನು ಊರೂರಿಗೆ ಕರೆದೊಯ್ಯುವುದು ಶುರುವಾಯಿತು. ಕೂಡ್ಲಿಗಿಯ ಶಿಬಿರಕ್ಕೆ ಅವನೇ ಭಾಷಣಕಾರ, ಹರಪನಹಳ್ಳಿಗೂ ಅವನೇ. ಮೊದಲು ತಡವರಿಸುತ್ತಿದ್ದ. ನಾಲ್ಕು ಸಲ ಹೇಳುವುದರೊಳಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ಕಲಿತ. ಹೆಂಡತಿಯ ಕಿವಿಯ ಕಥೆ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕಥೆ ಮುಗಿದ ಮೇಲೆ ಎದ್ದು ನಿಲ್ಲಿಸುತ್ತಿದ್ದೆವು. ಅದನ್ನು ಯಾರು ಶುರು ಮಾಡಿದರೋ ನೆನಪಿಲ್ಲ. ನಾನೇ ಇರಬೇಕು.

ಹಗರಿಬೊಮ್ಮನಹಳ್ಳಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. ಹೇಳಿದಳು: "ಅಕ್ಕಾರ, ಹೊಡೆತ ತಿಂದಾಕಿ ನಾನು. ಶಾಲು ಅವಗ. ಹೋಗ್ಲಿ ಬಿಡ್ರಿ. ಆದ್ರ ನನ್ನ ಕಿವಿ ಸುದ್ದಿ ಎಷ್ಟು ಊರಿಗೆ ಗೊತ್ತಾಗಬೇಕ್ರಿ?"

"ಅದನ್ನ ಕೇಳಿ ನಾಕು ಮನಿ ಉಳೀತಾವ ತಂಗಿ" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಕೊಟ್ಟೂರು ಬರುವವರೆಗೆ ನಿದ್ದೆ ಹೋದೆ.

ಅದಾಗಿ ಸ್ವಲ್ಪ ದಿನಕ್ಕೆ, ತೆಲಿಗಿಯ ಶಾಲೆಯಲ್ಲಿ ಗುಟ್ಕಾ ತಿನ್ನಬಾರದೆಂದು ಮಕ್ಕಳಿಗೆ ಹೇಳಿ, ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದೆ. ಅವನ ಫೋನ್ ಬಂತು.

"ಅಕ್ಕಾರ, ಒಂದು ಮಾತು ಹೇಳೋದಿತ್ತು."

ಬಸ್ಸು ಬರುತ್ತಿತ್ತು. ಮರುದಿನ ಹಡಗಲಿಯ ಶಿಬಿರಕ್ಕೆ ಮೈಕಿನವನು ಇನ್ನೂ ಒಪ್ಪಿರಲಿಲ್ಲ. "ನಾಳಿ ಹಡಗಲ್ಯಾಗ ಸಿಗ್ತೀಯಲ್ಲ, ಅಲ್ಲೇ ಮಾತಾಡೋಣು" ಎಂದೆ. "ಮತ್ತ ಆ ಬಿಳಿ ಅಂಗಿ ಹಾಕ್ಕೊಂಡು ಬಾ. ಹೋದ್ ಸಲ ಫೋಟೋದಾಗ ಮುಖಾನ ಕಾಣವಲ್ದು."

"ಆತ್ರಿ" ಎಂದ.

ಹಡಗಲಿಗೆ ಬಿಳಿ ಅಂಗಿಯಲ್ಲೇ ಬಂದ. ಒಂದು ವರ್ಷ ಮೂರು ತಿಂಗಳಾಯಿತು ಮುಟ್ಟಿಲ್ಲ ಎಂದು ಮೈಕಿನಲ್ಲಿ ಹೇಳಿದ. ಎರಡೇ ನಿಮಿಷಕ್ಕೆ ಮುಗಿಸಿ ಕೆಳಗಿಳಿದ. ಕಿವಿಯ ಕಥೆ ಹೇಳಲೇ ಇಲ್ಲ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಊಟದ ಹೊತ್ತಿಗೆ ಹುಡುಕಿದರೆ ಅವನಿರಲಿಲ್ಲ. ಹೆಂಡತಿ ಒಬ್ಬಳೇ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಬಲಕ್ಕೆ ಹೋಗಿ ಕೂತೆ.

"ಮೊನ್ನೆ ಕುಡದಾನ್ರಿ" ಎಂದಳು. "ಒಂದ ಪ್ಯಾಕೆಟ್. ನಿನ್ನೆ ಮುಂಜಾನೆ ಎದ್ದು ಅಕ್ಕಾರಿಗೆ ಹೇಳಿಬಿಡ್ತೀನಿ ಅಂತ ನನ್ನ ಮುಂದನ ಫೋನ್ ಹಚ್ಚಿದ. ನೀವು ಅಂಗಿ ಬಣ್ಣ ಹೇಳಿದ್ರಿ."

ಊಟಕ್ಕೆ ಕರೆಯಲು ಬಂದದ್ದು ಮರೆತೇ ಹೋಯಿತು.

"ಇನ್ನ ಕೈ ಎತ್ತಿಲ್ಲ" ಎಂದಳು. "ಹಿಂಗ ನಡೆದ್ರ ಎತ್ತತಾನ. ನಂದು ಇದೊಂದ ಕಿವಿ ಉಳದೈತ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗಾದರೂ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರೀ ಸುಸ್ತು, ಕಾಲೊಳಗೆಲ್ಲ ಮರಳು ತುಂಬಿದ ಹಾಗೆ.

ಮೂರು ಗುರುವಾರ ಅವನು ಸಭೆಗೆ ಬರಲಿಲ್ಲ. "ಮೈಗೆ ಆರಾಮಿಲ್ಲಂತ್ರಿ" ಎಂದು ಉಳಿದವರು ನನ್ನ ಮುಖ ನೋಡದೆ ಹೇಳಿದರು. ಕೊನೆಗೆ ಒಂದು ಮಧ್ಯಾಹ್ನ ನಾನೇ ಮಾರುಕಟ್ಟೆಗೆ ಹೋದೆ. ಚೀಲಗಳ ಸಾಲಿನ ಹಿಂದೆ ಕೂತಿದ್ದ. ಕೈ ನಡುಗುತ್ತಿತ್ತು. ಗಡ್ಡ ಬಂದಿತ್ತು. ನನ್ನನ್ನು ಕಂಡು ಎದ್ದು ನಿಂತ, ಆ ಮರ್ಯಾದೆ ಮಾತ್ರ ಬಿಟ್ಟಿರಲಿಲ್ಲ.

"ಗುರುವಾರ ಬಾ ತಮ್ಮಾ. ಬಿದ್ದಿದ್ದು ದೊಡ್ಡ ಮಾತಲ್ಲ. ಎಲ್ಲರೂ ಬೀಳ್ತಾರ."

"ಹೆಂಗ ಬರಲ್ರಿ? ಆ ಫ್ಲೆಕ್ಸ್ ಕೆಳಗ ಹಾದು ಬರಬೇಕು." ಅವನು ಚೀಲದ ಹೊಲಿಗೆ ಕೀಳುತ್ತ ನಿಂತ. "ಕೂಡ್ಲಿಗ್ಯಾಗ ಚಾ ಕುಡ್ಯಾಕ ನಿಂತ್ರ ಸೆಲ್ಫಿ ಕೇಳ್ತಾರ್ರಿ. ಹರಪನಹಳ್ಳ್ಯಾಗ ಒಬ್ಬಾಕಿ ತನ್ನ ಗಂಡನ್ನ ಕರ್ಕೊಂಡು ಬಂದು ನನ್ನ ಕಾಲಿಗೆ ಬೀಳಿಸಿದ್ಲು. ಐದೂ ತಾಲೂಕಿನ್ಯಾಗ ನನಗ ಕುಡ್ಯಾಕ ಜಾಗ ಇಲ್ಲ. ಇರ್ಲಿ, ಅದು ಚಲೋನ ಆತು. ಆದ್ರ ಕುಡದೆ ಅಂತ ಹೇಳಾಕೂ ಒಂದು ಜಾಗ ಉಳಸಲಿಲ್ಲಲ್ರಿ ನೀವು."

ನನ್ನ ಕಣ್ಣಲ್ಲಿ ನೀರು ಬಂತು. ಅವನ ಎದುರಿಗೇ ಬಂತು, ಒರೆಸಿಕೊಳ್ಳಲಿಲ್ಲ. "ತಪ್ಪಾತು" ಎಂದೆ. ಅವನು ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟ.

ಅಲ್ಲಿಂದ ನೇರ ತಳ್ಳುಗಾಡಿಗೆ ಹೋಗಿ, ಅವಳು ಮೆಣಸಿನಕಾಯಿ ಸೀಳುವ ಚಾಕು ಇಸಿದುಕೊಂಡೆ. ಯಾಕೆಂದು ಅವಳು ಕೇಳಲಿಲ್ಲ, ಗಾಡಿ ಬಿಟ್ಟು, ತಾನು ಕೂರುವ ಸ್ಟೂಲು ಎತ್ತಿಕೊಂಡು ಕಾಲೊನಿಯವರೆಗೆ ಹಿಂದೆಯೇ ಬಂದು ಅದನ್ನು ಹಿಡಿದಳು. ಈ ವಯಸ್ಸಿನಲ್ಲಿ, ಮಂಡಿನೋವು ಇಟ್ಟುಕೊಂಡು, ಹಾಡಹಗಲಲ್ಲಿ ಸ್ಟೂಲು ಹತ್ತಿ ನಾನೇ ಕಟ್ಟಿಸಿದ ಫ್ಲೆಕ್ಸಿನ ದಾರ ಕೊಯ್ದೆ. ದಾರಿಯಲ್ಲಿ ಹೋಗುವವರು ಯಾಕ್ರಿ ಎಂದರು. ಹರಿದಿತ್ತು ಎಂದು ಸುಳ್ಳು ಹೇಳಿದೆ. ಅವಳು ಅದನ್ನು ಮಡಚಿ, ಗಾಡಿಯ ಮೇಲಿನ ತಟ್ಟಿಗೆ ಹೊದಿಸಲು ಆಗುತ್ತದೆ ಎಂದು ಒಯ್ದಳು.

ಗುರುವಾರ ಸಭೆಗೆ ಅವನು ಬಂದ. ಎಲ್ಲರಿಗಿಂತ ಕೊನೆಗೆ ಬಂದು, ಚಪ್ಪಲಿ ಬಿಡುವ ಜಾಗದಲ್ಲೇ ಕೂತ. ಅವನಿಗಿಂತ ಮೊದಲು ನಾನೇ ಎದ್ದೆ. ಫ್ಲೆಕ್ಸ್ ಹರಿದಿರಲಿಲ್ಲ, ನಾನೇ ಕಿತ್ತೆ ಎಂದೆ. ಅವನು ಫೋನ್ ಮಾಡಿದಾಗ ನಾನು ಅಂಗಿಯ ಮಾತಾಡಿದ್ದನ್ನೂ ಹೇಳಿದೆ. ಎಂದಿನಂತೆ ದಿನ ಹೇಳುವುದು ಶುರುವಾಯಿತು. ಇಪ್ಪತ್ತೆರಡು ಎಂದ ಒಬ್ಬ, ಅರವತ್ತು ಎಂದ ಇನ್ನೊಬ್ಬ, ಚಪ್ಪಾಳೆ ಬಿತ್ತು. ಅವನ ಸರದಿ ಬಂತು. ಗೋಡೆ ಹಿಡಿದು ಎದ್ದ.

"ಸೊನ್ನಿ ರೀ" ಎಂದ. "ಇವತ್ತ ಮುಂಜಾನೇನೂ ಕುಡದೀನಿ."

ನಮ್ಮ ಸಭೆಯಲ್ಲಿ ಆವರೆಗೆ ಯಾರೂ ಆ ಮಾತು ಹೇಳಿರಲಿಲ್ಲ. ಸೊನ್ನೆಯಾದವರು ಬರುವುದನ್ನೇ ಬಿಡುತ್ತಿದ್ದರು, ನಾವು ಹೆಸರು ಹೊಡೆದು ಹಾಕುತ್ತಿದ್ದೆವು. "ಬಂದೀಯಲ್ಲ, ಮುಂದ ಬಂದು ಕುಂದ್ರು" ಎಂದೆ. ಬಂದ. ನಾನು ಮುಂದಿನ ಸರದಿಯ ಪೇಂಟರನ ಕಡೆ ನೋಡಿದೆ. ತೊಂಬತ್ತೇಳು ದಿನ ಆಗಿದ್ದವನು. ಮುಂದಿನ ವಾರ ಅವನಿಗೆ ಶಾಲು ಎಂಬ ಹಿಗ್ಗಿನಲ್ಲಿ ಮನೆಯವರೆಲ್ಲ ಈ ವಾರವೇ ಬಂದಿದ್ದರು. ಅವನು ಎದ್ದು ನಿಂತು, ನೆಲ ನೋಡುತ್ತ, "ನಂದೂ ಸೊನ್ನಿನ ರೀ" ಎಂದ.

ಆಮೇಲೆ ಚಾಚಾ. ನಮ್ಮಲ್ಲೆಲ್ಲ ಹಿರಿಯರು, ಎರಡು ವರ್ಷದ ಲೆಕ್ಕ ಹೇಳುತ್ತಿದ್ದವರು. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಕೂತ್ಕೊಂಡೇ ಹೇಳ್ತೀನಿ ಬೇಟಿ. ಎರಡು ವರ್ಷ ಅಂತಿದ್ನಲ್ಲ, ನಡಕ ಮೂರು ಸಲ ಬಿದ್ದೀನಿ, ಕಡೀದು ನಿನ್ನೆ. ನಿಂಗ ಬ್ಯಾಸರ ಆಗ್ತೈತಿ ಅಂತ ಹೇಳಿರಲಿಲ್ಲ."

ಬಾಗಿಲ ಹತ್ತಿರ ಒಬ್ಬ ಹೆಂಗಸು ಬಿಕ್ಕಿದಳು. ಪೇಂಟರನ ತಾಯಿ ಇರಬೇಕು. ಇಪ್ಪತ್ತೆರಡು ಎಂದಿದ್ದವನು ಮತ್ತೆ ಕೈ ಎತ್ತಿದ. ಅವನ ಪಕ್ಕದ ಇಬ್ಬರೂ ಎತ್ತಿದರು. ನನ್ನ ತೊಡೆಯ ಮೇಲೆ ಹಾಜರಿ ಪುಸ್ತಕವಿತ್ತು, ಅದರಲ್ಲಿ ನನ್ನದೇ ಕೈಬರಹದ ಅಂಕಿಗಳು. ಸಂಸ್ಥೆಗೆ ದುಡ್ಡು ಕೊಡುವ ಮೇಲಿನವರು ಬಂದಾಗ ಹೆಮ್ಮೆಯಿಂದ ಬಿಚ್ಚಿ ತೋರಿಸುತ್ತಿದ್ದ ಪುಸ್ತಕ. ಪೆನ್ನು ತೆಗೆದು ಮೊದಲಿನಿಂದ ಬರೆಯಲು ಕೂತೆ. ಹನ್ನೊಂದು ಜನರಲ್ಲಿ ಆರು ಸೊನ್ನೆ. ಆವತ್ತು ಒಬ್ಬರೂ ಎದ್ದು ಹೋಗಲಿಲ್ಲ.