ಹೋಗಾಣ ಅಂದವರು

ಗೆಳೆಯರೇ, ಇವತ್ತು ಹೊಳಲ್ಕೆರೆಯ ನನ್ನ ಪಂಪ್‌ಸೆಟ್ ಅಂಗಡಿಯಲ್ಲಿ ಐದು ಕುರ್ಚಿ ಹಾಕಿಕೊಂಡು ಕೂತಿದ್ದೆ. ಮನಾಲಿಯಿಂದ ಲಡಾಖಿನ ಬೌದ್ಧ ಮಠಗಳಿಗೆ ಜೀಪಿನಲ್ಲಿ ಕರೆದೊಯ್ಯುವ ಗೈಡ್, ಹೊರಡುವವರನ್ನೆಲ್ಲ ಒಮ್ಮೆ ವಿಡಿಯೊ ಕಾಲಿನಲ್ಲಿ ನೋಡಬೇಕು ಎಂದಿದ್ದ. ನನ್ನ ಜೊತೆ ಹೊರಡಬೇಕಿದ್ದ ನಾಲ್ವರು ಗೆಳೆಯರಲ್ಲಿ ಬಂದದ್ದು ರುದ್ರಪ್ಪ ಒಬ್ಬನೇ. ಅವನೂ ಟೀ ಕುಡಿದು, "ಮನೇಲಿ ಬಿಡಂಗಿಲ್ಲ ಕಣಪ್ಪ, ಅಷ್ಟೆತ್ತರದಾಗೆ ಉಸುರು ಕಟ್ಟುತೈತಂತೆ" ಎಂದು ಎದ್ದು ಹೋದ. ಬೇಡ ಅನ್ನಲು ನನ್ನ ಮನೆಯಲ್ಲಿ ಯಾರೂ ಇಲ್ಲ. ಆ ನೆಪವೂ ನನಗಿಲ್ಲ.

ಕಾಲ್ ಬಂತು. "ಉಳಿದವರೆಲ್ಲಿ?" ಎಂದು ಗೈಡ್ ಹಿಂದಿಯಲ್ಲಿ ಕೇಳಿದ. ಫೋನ್ ತಿರುಗಿಸಿ ಖಾಲಿ ಕುರ್ಚಿಗಳನ್ನು ತೋರಿಸಿದೆ.

"ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ದಿನಾ 'ಹೋಗಾಣ' ಅಂತ ಬರೀತಿದ್ರಲ್ಲ, ಹಾಗಂದ್ರೇನು?"

"ನಮ್ಮ ಕಡೆ ಹಂಗಂದ್ರೆ, ನೀನು ಹೋಗಿ ಬಾ ಅಂತ."

ಅವನು ಜೋರಾಗಿ ನಕ್ಕ. "ಮತ್ತೆ ನೀವು?"

ಒಬ್ಬನೇ ಇರುವಾಗ 'ಹೋಗಾಣ' ಎನ್ನಲು ಬರುವುದಿಲ್ಲ. "ಬರ್ತೀನಿ" ಎಂದೆ.

ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಮೊದಲ ಕಾಮೆಂಟ್ ರುದ್ರಪ್ಪನದೇ ಇರುತ್ತೆ, ನೋಡ್ತಿರಿ: "ಮುಂದಿನ ವರ್ಷ ಎಲ್ರೂ ಹೋಗಾಣ ಬಿಡಪ್ಪ."